ಗಂಟೆ ಹೊಡೆದವರು ಯಾರು, ತಪ್ಪು ಮನೆಗೆ ಹೋದವರು ಯಾರು: ಕರ್ನಲ್ ಕುಸಿದಾಗ ಕಾರಣ ಹುಡುಕುವ ಬಗೆ

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಸಾವಿರಾರು ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಆಸ್ಪತ್ರೆ, ಬ್ಯಾಂಕು, ಟಿವಿ ವಾಹಿನಿ, ಎಲ್ಲ ಕಡೆ ಕೆಲಸ ಕೆಟ್ಟಿತು. ಯಾರೋ ದಾಳಿ ಮಾಡಿದ್ದಾರೆ ಎಂದು ಮೊದಲು ಅನಿಸಿದ್ದು ಸಹಜ. ಆದದ್ದು ಬೇರೆಯೇ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರಿಗೆ ಒಂದು ಚಿಕ್ಕ ಅಪ್‌ಡೇಟ್ ಬಂದಿತ್ತು. ಸಾಫ್ಟ್‌ವೇರ್ ಬಳಿ ಇದ್ದದ್ದು 20 ಮೌಲ್ಯಗಳು. ಅಪ್‌ಡೇಟ್ ಹೇಳಿದ್ದು 21ನೆಯದನ್ನೂ ನೋಡು ಅಂತ. ಅದು ಪಟ್ಟಿಯ ಅಂಚು ದಾಟಿ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಅಷ್ಟೇ.

ಅಪ್‌ಡೇಟನ್ನು 78 ನಿಮಿಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳನ್ನು ಎಬ್ಬಿಸುವುದಕ್ಕೆ ಮಾತ್ರ ದಿನಗಟ್ಟಲೆ ಹಿಡಿಯಿತು. ಎಷ್ಟೋ ಕಡೆ ಒಬ್ಬರು ಯಂತ್ರದ ಮುಂದೆ ಕೂತು, ಸೇಫ್ ಮೋಡಿನಲ್ಲಿ ಚಾಲೂ ಮಾಡಿ, ಆ ಫೈಲನ್ನು ಕೈಯಾರೆ ಅಳಿಸಬೇಕಾಗಿತ್ತು.

ಒಂದೇ ಒಂದು ತಪ್ಪು ಓದಿಗೆ ಇಡೀ ಕಂಪ್ಯೂಟರ್ ಯಾಕೆ ಬೀಳಬೇಕು? ಇಂಥ ತಪ್ಪನ್ನು ಹುಡುಕುವವರು ಎಲ್ಲಿಂದ ಶುರು ಮಾಡುತ್ತಾರೆ? ಉತ್ತರ ಬೇಕಾದರೆ ಕಂಪ್ಯೂಟರಿನ ಎರಡು ಸಂಗತಿಗಳು ಗೊತ್ತಿರಬೇಕು. ಒಂದು, ಸಾಧನಗಳು ಪ್ರೊಸೆಸರನ್ನು ಕರೆಯುವ ರೀತಿ. ಇನ್ನೊಂದು, ಮೆಮೊರಿಯಲ್ಲಿ ಜಾಗ ಹುಡುಕುವ ರೀತಿ.

## ಕರ್ನಲ್‌ಗೆ ಯಾಕೆ ಅಷ್ಟು ಅಧಿಕಾರ?

ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನಲ್. ಮೆಮೊರಿ ಹಂಚುವುದು, ಡಿಸ್ಕಿಗೆ ಬರೆಯುವುದು, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕು ಎಂದು ತೀರ್ಮಾನಿಸುವುದು, ಎಲ್ಲ ಅದರ ಕೆಲಸ. ಬ್ರೌಸರ್, ಆಟ, ಸಂಗೀತದ ಆ್ಯಪ್ ಇವೆಲ್ಲ ಕರ್ನಲ್ ಕೊಟ್ಟ ಕೋಣೆಯೊಳಗೆ ಇರುವ ಬಾಡಿಗೆದಾರರು. ಬಾಡಿಗೆದಾರ ತನ್ನ ಕೋಣೆ ಬಿಟ್ಟು ಪಕ್ಕದ ಕೋಣೆಗೆ ನುಗ್ಗಿದರೆ ಕರ್ನಲ್ ಅವನನ್ನು ಹೊರಗೆ ಹಾಕುತ್ತದೆ. ಆ್ಯಪ್ ಮುಚ್ಚಿಹೋಗುತ್ತದೆ, ಉಳಿದದ್ದು ಎಂದಿನಂತೆ ನಡೆಯುತ್ತದೆ.

ಕರ್ನಲ್ಲೇ ತಪ್ಪಿದರೆ? ಅದನ್ನು ಹೊರಗೆ ಹಾಕಲು ಮೇಲೆ ಯಾರೂ ಇಲ್ಲ. ಡ್ರೈವರುಗಳ ವಿಷಯವೂ ಹೀಗೇ. ಸಾಧನಗಳನ್ನು ನಡೆಸುವ ಈ ಚಿಕ್ಕ ಪ್ರೋಗ್ರಾಂಗಳು ಸಾಮಾನ್ಯವಾಗಿ ಕರ್ನಲ್‌ನ ಒಳಗೇ, ಅದರ ಪೂರ್ತಿ ಅಧಿಕಾರದೊಂದಿಗೆ ಓಡುತ್ತವೆ. ಮೇಲೆ ಹೇಳಿದ ಭದ್ರತಾ ಸಾಫ್ಟ್‌ವೇರಿನ ಒಂದು ಭಾಗ ಹೀಗೆ ಒಳಗೆ ಕೂತಿತ್ತು. ಅದರ ತಪ್ಪು ಕರ್ನಲ್‌ನ ತಪ್ಪೇ ಆಯಿತು.

ಆಗ ಕರ್ನಲ್ ಬೇಕಂತಲೇ ನಿಲ್ಲುತ್ತದೆ. ಹಾಳಾದ ಮೆಮೊರಿ ಇಟ್ಟುಕೊಂಡು ಮುಂದುವರಿದರೆ ಅದೇ ಹಾಳು ಡಿಸ್ಕಿನ ಮೇಲೂ ಬರೆದುಹೋಗಬಹುದು. ಅದಕ್ಕಿಂತ ಗೊತ್ತಿರುವಷ್ಟನ್ನು ಪರದೆಯ ಮೇಲೆ ಬರೆದು ನಿಂತುಬಿಡುವುದು ವಾಸಿ. ವಿಂಡೋಸ್‌ನ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪು), ಲಿನಕ್ಸ್‌ನ 'ಕರ್ನಲ್ ಪ್ಯಾನಿಕ್' ಎರಡೂ ಅದೇ.

## ಇಂಟರಪ್ಟ್ ಅಂದರೆ ಬಾಗಿಲ ಗಂಟೆ

ಮನೆಗೆ ಯಾರೋ ಬರುವವರಿದ್ದಾರೆ. ಎರಡು ನಿಮಿಷಕ್ಕೊಮ್ಮೆ ಎದ್ದು ಬಾಗಿಲು ತೆಗೆದು ನೋಡಬಹುದು. ಇಲ್ಲವೇ ಆರಾಮಾಗಿ ಪುಸ್ತಕ ಓದುತ್ತಾ ಕೂತು, ಗಂಟೆ ಹೊಡೆದಾಗ ಪುಟದ ಗುರುತಿಟ್ಟು ಎದ್ದು ಹೋಗಬಹುದು. ಕಂಪ್ಯೂಟರ್ ಹೆಚ್ಚಾಗಿ ಎರಡನೆಯ ದಾರಿ ಹಿಡಿಯುತ್ತದೆ. ನೀವು ಎಷ್ಟೇ ವೇಗವಾಗಿ ಟೈಪ್ ಮಾಡಿದರೂ ಎರಡು ಕೀಗಳ ನಡುವೆ ಪ್ರೊಸೆಸರ್ ಕೋಟಿಗಟ್ಟಲೆ ಹೆಜ್ಜೆ ಮುಂದೆ ಹೋಗಿರುತ್ತದೆ. ಅಷ್ಟು ಹೊತ್ತು ಸುಮ್ನೆ ಬಾಗಿಲು ನೋಡುತ್ತಾ ನಿಂತರೆ ಬೇರೆ ಕೆಲಸ ಆಗಲ್ಲ.

ಈ ಗಂಟೆಯೇ ಇಂಟರಪ್ಟ್. ಗಂಟೆ ಹೊಡೆದ ಕೂಡಲೇ ಪ್ರೊಸೆಸರ್ ತಾನು ಎಲ್ಲಿದ್ದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಗಂಟೆಯ ನಂಬರು ನೋಡುತ್ತದೆ. ಒಂದು ಪಟ್ಟಿಯಲ್ಲಿ ಆ ನಂಬರಿನ ಎದುರು ಇರುವ ಕೆಲಸಕ್ಕೆ ಹೋಗುತ್ತದೆ. ಆ ಕೆಲಸಕ್ಕೆ ಹ್ಯಾಂಡ್ಲರ್ ಎಂದು ಹೆಸರು. ಮುಗಿದ ಮೇಲೆ ಬಿಟ್ಟ ಜಾಗಕ್ಕೇ ವಾಪಸ್.

ಸಾಮಾನ್ಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಎಕ್ಸ್86 ಪ್ರೊಸೆಸರುಗಳಲ್ಲಿ ಈ ಪಟ್ಟಿಗೆ 256 ಸಾಲುಗಳು, 0ಯಿಂದ 255ರವರೆಗೆ. ಅದರಲ್ಲಿ ಮೊದಲ 32 ಸಾಲುಗಳನ್ನು ಪ್ರೊಸೆಸರ್ ತನಗೇ ಇಟ್ಟುಕೊಂಡಿದೆ. ಹೊರಗಿನಿಂದ ಯಾರೋ ಬಂದಾಗ ಮಾತ್ರವಲ್ಲ, ಮನೆಯೊಳಗೇ ಎಡವಟ್ಟಾದರೂ ಗಂಟೆ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಸೊನ್ನೆಯಿಂದ ಭಾಗಿಸಲು ಹೋದರೆ 0ನೇ ಸಾಲು. ಪ್ರೊಸೆಸರ್ ಒಪ್ಪದ ಕೆಲಸ ಮಾಡಲು ಹೋದರೆ 13ನೇ ಸಾಲು. ಮೆಮೊರಿಯ ವಿಳಾಸ ಸರಿಯಿಲ್ಲದಿದ್ದರೆ 14ನೇ ಸಾಲು, ಅದರ ಹೆಸರು ಪೇಜ್ ಫಾಲ್ಟ್. ಇಂಥ ಒಳಗಿನ ಗಂಟೆಗಳನ್ನು ಎಕ್ಸೆಪ್ಶನ್ ಎನ್ನುತ್ತಾರೆ.

ಅಂದರೆ ಮೆಮೊರಿಯ ದೂರು ಬರುವುದೂ ಇಂಟರಪ್ಟಿನ ದಾರಿಯಲ್ಲೇ. ಆ ದಾರಿಯೇ ಕೆಟ್ಟಿದ್ದರೆ ದೂರು ಕೂಡ ತಪ್ಪು ಕೋಣೆಗೆ ಹೋಗಿ ಬೀಳುತ್ತದೆ. ಈ ಎರಡು ತೊಂದರೆಗಳನ್ನು ಜೊತೆಗಿಟ್ಟು ನೋಡುವುದು ಅದಕ್ಕೇ.

## ಮೆಮೊರಿಯ ವಿಳಾಸ ನಿಜವಾದ ವಿಳಾಸವಲ್ಲ

ಪ್ರೋಗ್ರಾಂ ಬಳಸುವ ವಿಳಾಸ ಒಂದು, ಮೆಮೊರಿ ಚಿಪ್ಪಿನಲ್ಲಿರುವ ಜಾಗ ಇನ್ನೊಂದು. ಇಬ್ಬರು ಬಾಡಿಗೆದಾರರೂ ತಮ್ಮದನ್ನು 'ಕೋಣೆ 5' ಎನ್ನಬಹುದು, ಆದರೆ ಆ ಎರಡು ಕೋಣೆಗಳು ಬೇರೆ ಬೇರೆ ಮಹಡಿಯಲ್ಲಿರುತ್ತವೆ. ಯಾರ 5 ಎಲ್ಲಿದೆ ಎಂದು ಹೇಳುವ ಪುಸ್ತಕಕ್ಕೆ ಪೇಜ್ ಟೇಬಲ್ ಎಂದು ಹೆಸರು. ಎಕ್ಸ್86 ಯಂತ್ರಗಳಲ್ಲಿ ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ಹಂಚುತ್ತಾರೆ. ಪುಸ್ತಕದಲ್ಲಿ ಪ್ರತಿ ಪುಟದ ಎದುರು ಅದು ಎಲ್ಲಿದೆ, ಅಲ್ಲಿ ಬರೆಯಬಹುದೋ ಬರೀ ಓದಬಹುದೋ, ಸಾಮಾನ್ಯ ಪ್ರೋಗ್ರಾಂ ಮುಟ್ಟಬಹುದೋ ಇಲ್ಲವೋ ಎಂದು ಬರೆದಿರುತ್ತದೆ.

ಪುಸ್ತಕದಲ್ಲಿ ಇಲ್ಲದ ಪುಟ ಕೇಳಿದರೆ ಪೇಜ್ ಫಾಲ್ಟ್. ಇಲ್ಲೊಂದು ಮಾತು: ಪೇಜ್ ಫಾಲ್ಟ್ ಎಂದ ಮಾತ್ರಕ್ಕೆ ತಪ್ಪು ನಡೆದಿದೆ ಅಂತಲ್ಲ. ದೊಡ್ಡ ಪ್ರೋಗ್ರಾಂ ತೆರೆದಾಗ ಕರ್ನಲ್ ಅದನ್ನು ಪೂರ್ತಿ ಮೆಮೊರಿಗೆ ತರುವುದಿಲ್ಲ. ಬೇಕಾದ ಪುಟ ಮುಟ್ಟಿದಾಗ ಪೇಜ್ ಫಾಲ್ಟ್ ಆಗುತ್ತದೆ, ಕರ್ನಲ್ ಡಿಸ್ಕಿನಿಂದ ಆ ಪುಟ ತಂದಿಟ್ಟು 'ಈಗ ನೋಡು' ಎನ್ನುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಈಗಲೂ ಇದು ಎಡೆಬಿಡದೆ ನಡೆಯುತ್ತಿದೆ. ತರಲು ಎಲ್ಲೂ ಪುಟವೇ ಇಲ್ಲದಿದ್ದರೆ ಅಥವಾ ಮುಟ್ಟುವ ಹಕ್ಕಿಲ್ಲದಿದ್ದರೆ ಮಾತ್ರ ಅದು ತಪ್ಪು.

## ಒಂದು ಅಕ್ಷರ ಬಂತು, ಎರಡನೆಯದು ಬರಲಿಲ್ಲ

ಕಲಿಯುವುದಕ್ಕೆಂದು ಸ್ವಂತ ಪುಟ್ಟ ಕರ್ನಲ್ ಬರೆಯುವ ಎಷ್ಟೋ ಜನ ಎಡವುವ ಜಾಗ ಇದು. ಕೀಬೋರ್ಡಿನ ಹ್ಯಾಂಡ್ಲರ್ ಬರೆದು ಮುಗಿಸಿ, ಯಂತ್ರ ಚಾಲೂ ಮಾಡಿ, ಒಂದು ಕೀ ಒತ್ತುತ್ತೀರಿ. ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಖುಷಿಯಿಂದ ಇನ್ನೊಂದು ಒತ್ತುತ್ತೀರಿ. ಏನೂ ಇಲ್ಲ. ಎಷ್ಟು ಕುಟ್ಟಿದರೂ ಏನೂ ಇಲ್ಲ.

ಹಳೆಯ ಪಿಸಿ ಮಾದರಿಯಲ್ಲಿ ಸಾಧನಗಳು ನೇರವಾಗಿ ಪ್ರೊಸೆಸರಿಗೆ ಗಂಟೆ ಹೊಡೆಯುವುದಿಲ್ಲ. ನಡುವೆ ಪಿಐಸಿ ಎಂಬ ಚಿಪ್ ಇದೆ, ಬಾಗಿಲು ಕಾಯುವವನ ಹಾಗೆ. ಅದಕ್ಕೆ 8 ತಂತಿಗಳು. ಇಂಥ ಎರಡನ್ನು ಒಂದಕ್ಕೊಂದು ಜೋಡಿಸಿದಾಗ 15 ಸಾಧನಗಳಿಗೆ ಜಾಗ. 0ನೇ ತಂತಿ ಟೈಮರಿನದು, 1ನೆಯದು ಕೀಬೋರ್ಡಿನದು. ನಂಬರು ಚಿಕ್ಕದಾದಷ್ಟೂ ಮರ್ಯಾದೆ ಜಾಸ್ತಿ. ಕಾವಲುಗಾರ ಒಬ್ಬರನ್ನು ಒಳಗೆ ಬಿಟ್ಟ ಮೇಲೆ, 'ಅವರ ಕೆಲಸ ಮುಗಿಯಿತು' ಎಂದು ಒಳಗಿನಿಂದ ಹೇಳುವ ತನಕ ಅವರನ್ನಾಗಲಿ ಅವರಿಗಿಂತ ಕೆಳಗಿನವರನ್ನಾಗಲಿ ಮತ್ತೆ ಬಿಡುವುದಿಲ್ಲ. ಮೇಲಿನವರನ್ನು ಮಾತ್ರ ಬಿಡುತ್ತಾನೆ.

ಆ 'ಮುಗಿಯಿತು' ಸಂದೇಶ ಕಳಿಸುವುದನ್ನು ಮರೆತಿದ್ದೀರಿ. ಇದು ಮೊದಲ ಅನುಮಾನ.

ಎರಡನೇ ಅನುಮಾನವೂ ಇದೆ. ಕೀಬೋರ್ಡ್ ತಂದಿಟ್ಟ ಅಕ್ಷರದ ಸಂಕೇತವನ್ನು 96ನೇ ಪೋರ್ಟಿನಿಂದ, ಅಂದರೆ ಸಾಧನದ ಜೊತೆ ಮಾತಾಡುವ ಕಿಂಡಿಯಿಂದ, ಓದಿಕೊಳ್ಳಬೇಕು. ಅಂಚೆಪೆಟ್ಟಿಗೆಯಲ್ಲಿ ಒಂದೇ ಕಾಗದಕ್ಕೆ ಜಾಗ ಎಂದುಕೊಳ್ಳಿ. ಹಳೆಯದನ್ನು ತೆಗೆಯದಿದ್ದರೆ ಹೊಸದು ಬೀಳುವುದಿಲ್ಲ, ಗಂಟೆಯೂ ಹೊಡೆಯುವುದಿಲ್ಲ. ಒತ್ತಿದ ಅಕ್ಷರವೇ ಮೂಡಿದರೆ ಓದಿದ್ದೀರಿ ಅಂತಲೇ ಲೆಕ್ಕ. ಆದರೆ ಪರೀಕ್ಷೆಗೆಂದು, ಯಾವ ಕೀ ಒತ್ತಿದರೂ ಒಂದು ಚುಕ್ಕಿ ಮೂಡಲಿ ಎಂದು ಬರೆದಿದ್ದರೆ ಈ ಅನುಮಾನ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ತಪ್ಪುಗಳು ಒಂದೇ ಥರ ಕಾಣುತ್ತವೆ.

ಬೇರ್ಪಡಿಸುವುದು ಹೇಗೆ? ಅಕ್ಕಪಕ್ಕದವರನ್ನು ವಿಚಾರಿಸಬೇಕು. ಟೈಮರ್ ಇನ್ನೂ ಓಡುತ್ತಿದೆಯಾ? ಅದು ಕೀಬೋರ್ಡಿಗಿಂತ ಮೇಲಿನದು, ಎರಡು ಸಂದರ್ಭದಲ್ಲೂ ಓಡುತ್ತದೆ. ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. 4ನೇ ತಂತಿಯ ಸೀರಿಯಲ್ ಪೋರ್ಟನ್ನು (ಕೇಬಲ್ ಮೂಲಕ ದತ್ತಾಂಶ ಕಳಿಸುವ ಕಿಂಡಿ) ನೋಡಿ. ಅದು ಕೀಬೋರ್ಡಿಗಿಂತ ಕೆಳಗಿನದು. ಅದೂ ಸತ್ತಿದ್ದರೆ ಕಾವಲುಗಾರನೇ ತಡೆದಿದ್ದಾನೆ, ಅಂದರೆ 'ಮುಗಿಯಿತು' ಸಂದೇಶ ಹೋಗಿಲ್ಲ. ಅದು ಜೀವಂತವಿದ್ದು ಕೀಬೋರ್ಡ್ ಮಾತ್ರ ಸತ್ತಿದ್ದರೆ ಪೆಟ್ಟಿಗೆಯಿಂದ ಕಾಗದ ತೆಗೆದಿಲ್ಲ. ಟೈಮರಿಗೇ ಸಂದೇಶ ಕಳಿಸಲು ಮರೆತಿದ್ದರೆ? ಅದು ಎಲ್ಲರಿಗಿಂತ ಮೇಲಿನದು. ಮೊದಲ ಟಿಕ್‌ನ ನಂತರ ಎಲ್ಲ ಸಾಧನಗಳೂ ಒಟ್ಟಿಗೆ ಮೌನ.

ಕೋಡನ್ನು ಸಾಲು ಸಾಲಾಗಿ ನೂರು ಸಲ ಓದುವುದಕ್ಕಿಂತ ಇಂಥ ಒಂದು ಪ್ರಶ್ನೆ ಬೇಗ ಗುರಿ ಮುಟ್ಟಿಸುತ್ತದೆ. ಏನು ಕೆಟ್ಟಿದೆ ಎನ್ನುವಷ್ಟೇ ಏನು ಕೆಟ್ಟಿಲ್ಲ ಎನ್ನುವುದನ್ನೂ ಕೇಳಬೇಕು.

## 8ನೇ ನಂಬರಿನ ಗೊಂದಲ

ಇದು ಹಳೆಯ ಎಡವಟ್ಟು. ಮೊದಲ 32 ಸಾಲು ತನಗೆ ಎಂದು ಇಂಟೆಲ್ ಹೇಳಿತ್ತು. ಆದರೂ 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಸಾಧನಗಳ ಗಂಟೆಗಳನ್ನು 8ನೇ ಸಾಲಿನಿಂದ ಜೋಡಿಸಿದರು. ಆಗಿನ ಪ್ರೊಸೆಸರಿನಲ್ಲಿ ಆ ಸಾಲುಗಳು ಖಾಲಿ ಇದ್ದವು, ಹಾಗಾಗಿ ತೊಂದರೆ ಕಾಣಲಿಲ್ಲ. ಮುಂದೆ ಇಂಟೆಲ್ 8ನೇ ಸಾಲನ್ನು 'ಡಬಲ್ ಫಾಲ್ಟ್'ಗೆ ಕೊಟ್ಟಿತು. ಒಂದು ತಪ್ಪನ್ನು ನಿಭಾಯಿಸಲು ಹೋಗಿ ಇನ್ನೊಂದು ತಪ್ಪಾದಾಗ ಹೊಡೆಯುವ ಗಂಭೀರ ಗಂಟೆ ಅದು. ಈಗ 8ನೇ ಗಂಟೆ ಹೊಡೆದರೆ ಬಂದದ್ದು ಬಡಪಾಯಿ ಟೈಮರೋ, ಡಬಲ್ ಫಾಲ್ಟೋ?

ಅದಕ್ಕೇ ಇಂದಿನ ಕರ್ನಲ್‌ಗಳು ಏಳುವಾಗಲೇ ಸಾಧನಗಳ ನಂಬರುಗಳನ್ನು 32ರ ಆಚೆಗೆ ಸರಿಸುತ್ತವೆ. ಸರಿಸಲು ಮರೆತವರಿಗೆ, ಇಂಟರಪ್ಟ್ ಚಾಲೂ ಮಾಡಿದ ಕ್ಷಣವೇ 'ಡಬಲ್ ಫಾಲ್ಟ್' ಎದುರಾಗುತ್ತದೆ. ಮೆಮೊರಿಯಲ್ಲಿ ತಪ್ಪಿದೆ ಎಂದು ದಿನವಿಡೀ ಪೇಜ್ ಟೇಬಲ್ ಕೆದಕುತ್ತಾ ಕೂರುತ್ತಾರೆ ಪಾಪ. ಗುರುತಿಸಲು ಒಂದು ಉಪಾಯ ಇದೆ. ನಿಜವಾದ ಡಬಲ್ ಫಾಲ್ಟ್ ತನ್ನ ಜೊತೆ ಒಂದು ಸಂಖ್ಯೆ ತರುತ್ತದೆ, ಅದು ಯಾವಾಗಲೂ 0. ಟೈಮರ್ ಅಂಥ ಸಂಖ್ಯೆ ತರುವುದಿಲ್ಲ. ಆ ಜಾಗದಲ್ಲಿ 0 ಬದಲು ನಿಮ್ಮದೇ ಕೋಡಿನ ಒಂದು ವಿಳಾಸ ಕಂಡರೆ, ಬಂದವನು ವೇಷ ಹಾಕಿದ ಟೈಮರ್.

## ಯಾರೂ ಬಾಗಿಲು ತೆಗೆಯದಿದ್ದರೆ

ಇವತ್ತಿನ ಯಂತ್ರಗಳಲ್ಲಿ ಪಿಐಸಿಯ ಜಾಗಕ್ಕೆ ಅದಕ್ಕಿಂತ ಜಾಣ ವ್ಯವಸ್ಥೆಗಳು ಬಂದಿವೆ. ಆದರೂ ತೊಂದರೆಯ ಬಗೆ ಜಾಸ್ತಿ ಬದಲಾಗಿಲ್ಲ. ಲಿನಕ್ಸ್ ಬಳಸುವವರು ಪ್ರೋಕ್ ಫೋಲ್ಡರಿನಲ್ಲಿರುವ ಇಂಟರಪ್ಟ್ಸ್ ಎಂಬ ಫೈಲನ್ನು ತೆರೆದು ನೋಡಬಹುದು. ಯಾವ ಸಾಧನ, ಯಾವ ಪ್ರೊಸೆಸರಿಗೆ, ಎಷ್ಟು ಸಲ ಗಂಟೆ ಹೊಡೆದಿದೆ ಎಂಬ ಲೆಕ್ಕ ಅಲ್ಲಿದೆ. ಒಮ್ಮೆ ನೋಡಿ, ಹತ್ತು ಸೆಕೆಂಡು ಬಿಟ್ಟು ಮತ್ತೆ ನೋಡಿ. ಮೌಸ್ ಅಲ್ಲಾಡಿಸಿದರೂ ಅದರ ಸಾಲಿನ ಲೆಕ್ಕ ಏರದಿದ್ದರೆ ಗಂಟೆ ಪ್ರೊಸೆಸರನ್ನು ತಲುಪುತ್ತಿಲ್ಲ. ಏರುತ್ತಿದ್ದೂ ಬಾಣ ಅಲ್ಲಾಡದಿದ್ದರೆ ತೊಂದರೆ ಮುಂದೆ ಎಲ್ಲೋ ಇದೆ. ಒಂದು ಸಾಲು ಮಾತ್ರ ಹುಚ್ಚು ಹಿಡಿದಂತೆ ಏರುತ್ತಿದ್ದರೆ ಅದನ್ನು ಇಂಟರಪ್ಟ್ ಸ್ಟಾರ್ಮ್ ಎನ್ನುತ್ತಾರೆ, ಗಂಟೆಗಳ ಬಿರುಗಾಳಿ.

ಬಿರುಗಾಳಿ ಯಾಕೆ ಏಳುತ್ತದೆ? ಕೆಲವು ಸಾಧನಗಳು ಗಂಟೆಯ ಗುಂಡಿಯನ್ನು ಒತ್ತಿ ಹಿಡಿದೇ ಇರುತ್ತವೆ. 'ಬಂದೆ, ಕೈ ತೆಗಿ' ಎಂದು ಡ್ರೈವರ್ ಹೇಳುವ ತನಕ ಬಿಡುವುದಿಲ್ಲ. ಡ್ರೈವರ್ ಹೇಳದೆ ವಾಪಸ್ ಬಂದರೆ ಆ ಕ್ಷಣವೇ ಮತ್ತೆ ಗಂಟೆ. ಪ್ರೊಸೆಸರ್ ಬಾಗಿಲಿಗೂ ಕುರ್ಚಿಗೂ ಓಡಾಡುವುದರಲ್ಲೇ ಮುಳುಗಿಹೋಗುತ್ತದೆ.

ಲಿನಕ್ಸ್ ಇದಕ್ಕೆ ಒಂದು ಮಿತಿ ಇಟ್ಟಿದೆ. ಒಂದು ತಂತಿಯ 1,00,000 ಗಂಟೆಗಳಲ್ಲಿ 99,900ಕ್ಕಿಂತ ಹೆಚ್ಚು ಗಂಟೆಗಳಿಗೆ ಯಾವ ಡ್ರೈವರೂ 'ಇದು ನನ್ನದು' ಎನ್ನದಿದ್ದರೆ ಆ ತಂತಿಯನ್ನೇ ಮುಚ್ಚುತ್ತದೆ. ಲಾಗ್ ಎಂಬ ದಿನಚರಿ ಫೈಲಿನಲ್ಲಿ ತಂತಿಯ ನಂಬರಿನ ಪಕ್ಕ 'ನೋಬಡಿ ಕೇರ್ಡ್' ಎಂದು ಬರೆಯುತ್ತದೆ, ಯಾರೂ ಕೇಳಲಿಲ್ಲ ಅಂತ. ಕಂಪ್ಯೂಟರ್ ಸಂದೇಶಗಳಲ್ಲಿ ಇಷ್ಟು ಮನಸ್ಸಿಗೆ ತಟ್ಟುವ ಸಾಲು ಇನ್ನೊಂದಿಲ್ಲ ಅನಿಸುತ್ತದೆ. ಒಂದೇ ತಂತಿಯನ್ನು ಹಲವು ಸಾಧನಗಳು ಹಂಚಿಕೊಂಡಿದ್ದರೆ ತಪ್ಪು ಒಬ್ಬನದು, ಶಿಕ್ಷೆ ಎಲ್ಲರಿಗೂ. ಯಾವುದೋ ಕಾರ್ಡಿನ ಡ್ರೈವರ್ ಕೆಟ್ಟರೆ ಪಕ್ಕದ ಯುಎಸ್‌ಬಿ ಪೋರ್ಟ್ ಸ್ತಬ್ಧವಾಗುವುದು ಹೀಗೆ. ದೂರು ಯುಎಸ್‌ಬಿಯ ಮೇಲೆ ಬರುತ್ತದೆ, ತಪ್ಪು ಅಲ್ಲಿರುವುದಿಲ್ಲ. ಅದೇ ಸಂದೇಶದ ಕೆಳಗೆ ಆ ತಂತಿಯಲ್ಲಿರುವ ಹ್ಯಾಂಡ್ಲರುಗಳ ಹೆಸರುಗಳಿರುತ್ತವೆ. ಒಂದೊಂದೇ ಡ್ರೈವರ್ ತೆಗೆದು ನೋಡಿದರೆ ತಪ್ಪಿತಸ್ಥ ಸಿಗುತ್ತಾನೆ.

## ಬಾಗಿಲಲ್ಲಿ ನಿದ್ದೆ ಮಾಡಬಾರದು

ಹ್ಯಾಂಡ್ಲರ್ ಓಡುವಾಗ ಪ್ರೊಸೆಸರಿನ ಮಾಮೂಲಿ ಕೆಲಸ ನಿಂತಿರುತ್ತದೆ. ಆದ್ದರಿಂದ ಅದು ಬೇಗ ಮುಗಿಸಬೇಕು, ಏನನ್ನೂ ಕಾಯುತ್ತಾ ಕೂರಬಾರದು. ಕಾಗದ ಇಸಿದುಕೊಂಡು ಮೇಜಿನ ಮೇಲಿಟ್ಟರೆ ಸಾಕು, ಓದುವುದು ಆಮೇಲೆ. ಈ ನಿಯಮ ಮುರಿದರೆ ಲಿನಕ್ಸ್ 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' ಎಂದು ಗದರಿಸುತ್ತದೆ.

ವಿಂಡೋಸ್‌ನ ಪ್ರಸಿದ್ಧ ನೀಲಿ ಪರದೆ ಸಂದೇಶವೊಂದರ ಬೇರು ಇಲ್ಲೇ ಇದೆ: 'ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್'. ನೋಡಿದವರು ಬಹಳ ಜನ, ಅರ್ಥ ಕೇಳಿದವರು ಕಡಿಮೆ. ಐಆರ್‌ಕ್ಯುಎಲ್ ಅಂದರೆ ಪ್ರೊಸೆಸರ್ ಸದ್ಯ ಎಷ್ಟು ತುರ್ತಿನ ಕೆಲಸದಲ್ಲಿದೆ ಎಂಬ ಮಟ್ಟ. ಆ ಮಟ್ಟ ಮೇಲಿದ್ದಾಗ ಡಿಸ್ಕಿನಿಂದ ಪುಟ ತಂದುಕೊಡಲು ಆಗುವುದಿಲ್ಲ, ಯಾಕೆಂದರೆ ಡಿಸ್ಕನ್ನು ಕಾಯಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಯಾವುದೋ ಡ್ರೈವರ್, ಮೆಮೊರಿಯಲ್ಲಿಲ್ಲದ ಪುಟವನ್ನೋ ಪೂರ್ತಿ ತಪ್ಪು ವಿಳಾಸವನ್ನೋ ಮುಟ್ಟಿದೆ. ಬೇರೆ ಹೊತ್ತಿನಲ್ಲಾದರೆ ಮಾಮೂಲಿ ಪೇಜ್ ಫಾಲ್ಟ್ ಆಗಿ ಬಗೆಹರಿಯಬಹುದಾಗಿದ್ದದ್ದು ಈಗ ಯಂತ್ರ ಬೀಳಲು ಕಾರಣ. ಇಂಥ ತಪ್ಪು ಕೆಲವೊಮ್ಮೆ ಮಾತ್ರ ಕಾಣಿಸುವುದಕ್ಕೂ ಇದೇ ಕಾರಣ: ಪುಟ ಅದೃಷ್ಟಕ್ಕೆ ಮೆಮೊರಿಯಲ್ಲೇ ಇದ್ದ ದಿನ ಏನೂ ಆಗುವುದಿಲ್ಲ.

ಬೀಗದ ತೊಂದರೆಯೂ ಇದರ ನೆಂಟ. ಕರ್ನಲ್‌ನ ಒಂದು ಭಾಗ ಯಾವುದೋ ದಾಖಲೆಗೆ ಬೀಗ ಹಾಕಿ ಕೆಲಸ ಮಾಡುತ್ತಿದೆ. ಅಷ್ಟರಲ್ಲಿ ಗಂಟೆ. ಬಂದ ಹ್ಯಾಂಡ್ಲರಿಗೂ ಅದೇ ಬೀಗ ಬೇಕು. ಅದು ಸಿಗುವ ತನಕ ಹ್ಯಾಂಡ್ಲರ್ ಬಿಡಲ್ಲ, ಹ್ಯಾಂಡ್ಲರ್ ಮುಗಿಯುವ ತನಕ ಬೀಗ ಹಾಕಿದವನಿಗೆ ಓಡಲು ಸರದಿ ಇಲ್ಲ. ಯಂತ್ರ ಸುಮ್ನೆ ಹಾಗೇ ನಿಲ್ಲುತ್ತದೆ, ಒಂದು ಸಂದೇಶವೂ ಇರುವುದಿಲ್ಲ. ಪರಿಹಾರ, ಅಂಥ ಬೀಗ ಹಾಕುವಾಗ ಆ ಪ್ರೊಸೆಸರಿನ ಗಂಟೆಯನ್ನೂ ಮುಚ್ಚಿಡುವುದು. ಲಿನಕ್ಸ್‌ನ ಲಾಕ್‌ಡೆಪ್ ಎಂಬ ಸಾಧನ ಬೀಗಗಳ ಬಳಕೆಯನ್ನು ಗಮನಿಸುತ್ತಿದ್ದು, ನಿಜವಾಗಿ ಸಿಕ್ಕಿಬೀಳುವ ಮೊದಲೇ 'ಹೀಗಾಗಬಹುದು' ಎಂದು ಎಚ್ಚರಿಸುತ್ತದೆ.

## ವರದಿಯಲ್ಲಿರುವ ವಿಳಾಸ ಏನು ಹೇಳುತ್ತದೆ?

ಮೆಮೊರಿ ತಪ್ಪಾದಾಗ ಲಿನಕ್ಸ್ ಬರೆಯುವ ವರದಿಗೆ 'ಊಪ್ಸ್' ಎಂದು ಹೆಸರು. ನೋಡಿದರೆ ತಲೆ ತಿರುಗುವಷ್ಟು ಸಂಖ್ಯೆಗಳು. ಆದರೆ ಮೊದಲ ನಾಲ್ಕೈದು ಸಾಲಿನಲ್ಲೇ ಬಹಳಷ್ಟು ಇರುತ್ತದೆ. ಪೇಜ್ ಫಾಲ್ಟ್ ಆದಾಗ ಪ್ರೊಸೆಸರ್ ಎರಡು ಸುಳಿವು ಬಿಡುತ್ತದೆ. ಮುಟ್ಟಲು ಹೋದ ವಿಳಾಸವನ್ನು ಸಿಆರ್2 ಎಂಬ ಜಾಗದಲ್ಲಿ ಬರೆಯುತ್ತದೆ. ಜೊತೆಗೆ ಒಂದು ಪುಟ್ಟ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ 2 ಎಂದಿದ್ದರೆ ಹೀಗೆ ಓದಿಕೊಳ್ಳಬಹುದು: ಪುಟ ಇರಲಿಲ್ಲ, ಅಲ್ಲಿ ಬರೆಯಲು ಹೋಗಿದ್ದರು, ಹೋದದ್ದು ಕರ್ನಲ್. ಅದು 3 ಆಗಿದ್ದರೆ ಪುಟ ಇತ್ತು, ಬರೆಯುವ ಹಕ್ಕಿರಲಿಲ್ಲ. ಬರೀ 1ರ ವ್ಯತ್ಯಾಸ, ಆದರೆ ಹುಡುಕುವ ದಾರಿಯೇ ಬೇರೆಯಾಗುತ್ತದೆ.

ಇನ್ನು ವಿಳಾಸ. ಅದು 0 ಅಥವಾ 0ಗೆ ಹತ್ತಿರದ ಸಣ್ಣ ಸಂಖ್ಯೆಯಾಗಿದ್ದರೆ ಎಲ್ಲೋ ಒಂದು ಪಾಯಿಂಟರ್ ಖಾಲಿ ಇದೆ. ಪಾಯಿಂಟರ್ ಅಂದರೆ ವಿಳಾಸ ಬರೆದ ಚೀಟಿ. ಚೀಟಿಯಲ್ಲಿ ಏನೂ ಬರೆದಿಲ್ಲ ಎಂಬುದನ್ನು 0 ಸೂಚಿಸುತ್ತದೆ. ಹಾಗಿದ್ದರೆ ವರದಿಯಲ್ಲಿ 0 ಬದಲು 18 ಯಾಕೆ ಬರುತ್ತದೆ? ಈ ವರದಿಗಳ ಸಂಖ್ಯೆಗಳು 16ರ ಲೆಕ್ಕದಲ್ಲಿರುತ್ತವೆ. ಅಲ್ಲಿನ 18 ಎಂದರೆ ನಮ್ಮ 24. ಕೋಡು ಕೇಳಿದ್ದು 'ಈ ಮನೆಯ ಬಾಗಿಲಿನಿಂದ 24 ಹೆಜ್ಜೆ ಒಳಗೆ ಇರುವುದನ್ನು ಕೊಡು' ಅಂತ. ಮನೆಯ ವಿಳಾಸವೇ 0, ಹಾಗಾಗಿ ಹೋಗಿ ನಿಂತದ್ದು 24ರಲ್ಲಿ. ಈಗ ಆ ದಾಖಲೆಯ ವಿವರಣೆ ತೆರೆದು 24ನೇ ಬೈಟಿನಲ್ಲಿ ಏನಿದೆ ನೋಡಿದರೆ, ಕೋಡು ಏನನ್ನು ಹುಡುಕುತ್ತಿತ್ತು ಎಂದು ತಿಳಿಯುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಪಾಯಿಂಟರುಗಳಿದ್ದರೂ ಖಾಲಿ ಇದ್ದದ್ದು ಯಾವುದು ಎಂದು ಇದರಿಂದ ಹೇಳಬಹುದು.

ಇನ್ನೊಂದು ಗುರುತು ತಮಾಷೆಯದು. ಪರೀಕ್ಷೆಯ ಸೌಲಭ್ಯ ಆನ್ ಮಾಡಿಟ್ಟರೆ, ವಾಪಸ್ ಕೊಟ್ಟ ಮೆಮೊರಿಯ ಮೇಲೆ ಲಿನಕ್ಸ್ ಬೇಕಂತಲೇ 6ಬಿ, 6ಬಿ, 6ಬಿ ಎಂದು ತುಂಬುತ್ತದೆ (6ಬಿ ಎಂದರೆ 16ರ ಲೆಕ್ಕದ ಒಂದು ಸಂಖ್ಯೆ). ಖಾಲಿ ಮಾಡಿದ ಮನೆಯ ಗೋಡೆಗೆ ಬಣ್ಣ ಬಳಿದಂತೆ. ಆಮೇಲೆ ವರದಿಯಲ್ಲಿ 6ಬಿಗಳ ಸಾಲು ಕಂಡರೆ, ಮನೆ ಬಿಟ್ಟ ಮೇಲೂ ಯಾರೋ ಹಳೆಯ ಕೀಲಿ ಹಿಡಿದು ಒಳಗೆ ಬಂದಿದ್ದಾರೆ ಎಂದರ್ಥ. ವಿಚಿತ್ರವೆಂದರೆ ಈ ತಪ್ಪು ಹೆಚ್ಚಾಗಿ 14ರ ಬದಲು 13ನೇ ಗಂಟೆಯಾಗಿ ಬರುತ್ತದೆ. 64 ಬಿಟ್ ಯಂತ್ರದಲ್ಲಿ ಅಷ್ಟೊಂದು 6ಬಿಗಳಿರುವ ಸಂಖ್ಯೆ ವಿಳಾಸದ ರೂಪದಲ್ಲೇ ಇರುವುದಿಲ್ಲ, ಪ್ರೊಸೆಸರ್ ಪೇಜ್ ಟೇಬಲ್ ತೆರೆಯುವ ಗೋಜಿಗೂ ಹೋಗುವುದಿಲ್ಲ. ಆಗ ಸಿಆರ್2ರಲ್ಲಿ ಸಿಗುವುದು ಹಿಂದಿನ ಯಾವುದೋ ಫಾಲ್ಟಿನ ವಿಳಾಸ. ಅದನ್ನು ನಂಬಿದರೆ ದಾರಿ ತಪ್ಪುತ್ತದೆ.

ವರದಿಯ ಕೆಳಭಾಗದಲ್ಲಿ ಯಾರು ಯಾರನ್ನು ಕರೆದರು ಎಂಬ ಸರಪಳಿ ಇರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದಾದ ಮೇಲೊಂದು ವರದಿಗಳು ಬಂದಿದ್ದರೆ ಮೊದಲನೆಯದನ್ನೇ ನಂಬಬೇಕು. ಉಳಿದವು ಅದರ ಹೊಡೆತಕ್ಕೆ ಬಿದ್ದವು.

## ಬಿದ್ದದ್ದು ಒಂದು ಕಡೆ, ತಪ್ಪಿದ್ದು ಇನ್ನೊಂದು ಕಡೆ

ಇದುವರೆಗೆ ಹೇಳಿದ್ದು ಸುಲಭದ ತಪ್ಪುಗಳು, ಮುಟ್ಟಿದ ಕೂಡಲೇ ಕೂಗುವಂಥವು. ಕಷ್ಟದ್ದು ಕೂಗದೇ ಇರುವ ತಪ್ಪು. ಒಂದು ಡ್ರೈವರ್ 64 ಬೈಟ್ ಜಾಗ ಪಡೆದು 72 ಬೈಟ್ ಬರೆಯಿತು ಅನ್ನಿ. ಮುಂದಿನ 8 ಬೈಟ್ ಬೇರೆ ಯಾರದೋ. ಆದರೆ ಅದೂ ಕರ್ನಲ್‌ನದೇ ಪುಟ, ಬರೆಯುವ ಹಕ್ಕೂ ಇದೆ. ಪೇಜ್ ಟೇಬಲಿಗೆ ಪುಟದ ಗಡಿ ಮಾತ್ರ ಗೊತ್ತು, ಪುಟದೊಳಗಿನ ಬೇಲಿ ಗೊತ್ತಿಲ್ಲ. ಯಾವ ಗಂಟೆಯೂ ಹೊಡೆಯುವುದಿಲ್ಲ. ಎಷ್ಟೋ ಹೊತ್ತಿನ ನಂತರ, ಆ 8 ಬೈಟಿನ ನಿಜವಾದ ಮಾಲೀಕ ಅಲ್ಲಿದ್ದ ಚೀಟಿ ತೆಗೆದು ಓದಿದಾಗ ಯಂತ್ರ ಬೀಳುತ್ತದೆ. ವರದಿಯಲ್ಲಿ ಹೆಸರು ಬರುವುದು ಆ ಪಾಪದ ಮಾಲೀಕನದು. ಯಾವ ತಪ್ಪೂ ಇಲ್ಲದ ಕೋಡನ್ನು ಜನ ವಾರಗಟ್ಟಲೆ ಜಾಲಾಡುತ್ತಾರೆ.

ಇದಕ್ಕೆಂದು 2015ರಲ್ಲಿ ಲಿನಕ್ಸ್ 4.0ಗೆ ಕೇಸಾನ್ ಎಂಬ ಸಾಧನ ಸೇರಿತು. ಅದು ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನಂತೆ ನೆರಳು ದಾಖಲೆ ಇಡುತ್ತದೆ. ಕರ್ನಲ್ ಕೋಡು ಪ್ರತಿ ಸಲ ಮೆಮೊರಿ ಮುಟ್ಟುವ ಮೊದಲು ನೆರಳನ್ನು ನೋಡಿ, ಈ ಜಾಗ ಸದ್ಯ ಬಳಕೆಯಲ್ಲಿದೆಯೇ ಎಂದು ಪರೀಕ್ಷಿಸುತ್ತದೆ. ಪಡೆದ ಜಾಗಗಳ ಪಕ್ಕದಲ್ಲಿ ಯಾರೂ ಮುಟ್ಟಬಾರದ ಅಂಚು ಬಿಡುತ್ತದೆ. 65ನೇ ಬೈಟಿಗೆ ಕೈ ಹಾಕಿದ ಕ್ಷಣವೇ ಕೂಗು. ಜಾಗ ಯಾರು ಪಡೆದರು, ವಾಪಸ್ ಕೊಟ್ಟಿದ್ದರೆ ಯಾರು ಕೊಟ್ಟರು ಎಂಬುದೂ ವರದಿಯಲ್ಲಿರುತ್ತದೆ. ಯಂತ್ರ ನಿಧಾನವಾಗುತ್ತದೆ, ಮೆಮೊರಿಯೂ ಜಾಸ್ತಿ ಬೇಕು. ಅದಕ್ಕೇ ಇದನ್ನು ಹೆಚ್ಚಾಗಿ ಪರೀಕ್ಷೆಯ ಯಂತ್ರಗಳಲ್ಲಿ ಬಳಸುತ್ತಾರೆ. ವಿಂಡೋಸ್‌ನಲ್ಲಿ ಡ್ರೈವರ್ ವೆರಿಫೈಯರ್ ಇದೇ ಜಾತಿಯ ಕೆಲಸ ಮಾಡುತ್ತದೆ.

ಕೇಸಾನ್ ಕಣ್ಣಿಗೂ ಬೀಳದ ಒಬ್ಬ ಇದ್ದಾನೆ. ನೆಟ್‌ವರ್ಕ್ ಕಾರ್ಡಿನಂಥ ಸಾಧನಗಳು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತವೆ. ಡಿಎಂಎ ಎಂದು ಇದರ ಹೆಸರು. ಕಾರ್ಡ್ ಇನ್ನೂ ಬರೆಯುತ್ತಿರುವಾಗಲೇ ಡ್ರೈವರ್ ಆ ಜಾಗವನ್ನು ವಾಪಸ್ ಕೊಟ್ಟರೆ, ಬೇರೆಯವರ ಮೆಮೊರಿಯಲ್ಲಿ ನೆಟ್‌ವರ್ಕಿನಿಂದ ಬಂದ ದತ್ತಾಂಶ ಹೋಗಿ ಕೂರುತ್ತದೆ. ಕೇಸಾನ್ ಪರೀಕ್ಷಿಸುವುದು ಕೋಡನ್ನು, ಇಲ್ಲಿ ಬರೆದದ್ದು ಕೋಡಲ್ಲ. ಇದನ್ನು ಹಿಡಿಯಲು ಸಾಧನಗಳಿಗೂ ಒಂದು ಪೇಜ್ ಟೇಬಲ್ ಬೇಕು. ಐಒಎಂಎಂಯು ಎಂಬ ಯಂತ್ರಾಂಶ ಅದನ್ನು ಒದಗಿಸುತ್ತದೆ. ಹಾಳಾದ ಮೆಮೊರಿಯನ್ನು ತೆರೆದು ನೋಡಿದಾಗ ಅಲ್ಲಿ ವೆಬ್ ಪುಟದ ತುಣುಕೋ ಡಿಸ್ಕಿನ ಫೈಲಿನ ತುಣುಕೋ ಕಂಡರೆ ಅನುಮಾನ ನೇರವಾಗಿ ಡಿಎಂಎ ಮೇಲೆ.

## ಏನೂ ಹೇಳದೆ ರೀಸ್ಟಾರ್ಟ್ ಆದರೆ

ಡಬಲ್ ಫಾಲ್ಟನ್ನೂ ನಿಭಾಯಿಸಲು ಆಗದೆ ಮತ್ತೊಂದು ತಪ್ಪಾದರೆ ಅದು ಟ್ರಿಪಲ್ ಫಾಲ್ಟ್. ಅದಕ್ಕೆ ಗಂಟೆಯೇ ಇಲ್ಲ. ಪ್ರೊಸೆಸರ್ ಕೈಚೆಲ್ಲುತ್ತದೆ, ಪಿಸಿ ಮೊದಲಿನಿಂದ ಶುರುವಾಗುತ್ತದೆ. ಕರ್ನಲ್ ಬರೆಯುವವರು ಇದಕ್ಕೇ ಮೊದಲು ಕ್ಯೂಎಮುವಿನಂಥ ನಕಲಿ ಯಂತ್ರದಲ್ಲಿ ಓಡಿಸುತ್ತಾರೆ. ಅಲ್ಲಿ ಪ್ರತಿ ಇಂಟರಪ್ಟನ್ನೂ ಲಾಗ್ ಮಾಡಿಸಬಹುದು, ರೀಸ್ಟಾರ್ಟ್ ಆಗದಂತೆ ತಡೆಯಬಹುದು. ಲಾಗಿನ ಕೊನೆಯಲ್ಲಿ 14, ಆಮೇಲೆ 8, ಆಮೇಲೆ ಮೌನ ಎಂದು ಕಂಡರೆ ಪೇಜ್ ಫಾಲ್ಟಿನ ಹ್ಯಾಂಡ್ಲರನ್ನೇ ತಲುಪಲು ಆಗಲಿಲ್ಲ ಎಂದರ್ಥ. ಸ್ಟ್ಯಾಕ್ (ಯಾರು ಯಾರನ್ನು ಕರೆದರು ಎಂದು ಬರೆದಿಡುವ ಮೆಮೊರಿ) ತುಂಬಿ ಹರಿದಿರಬಹುದು, ಇಲ್ಲವೇ ಇಂಟರಪ್ಟ್ ಪಟ್ಟಿಯ 14ನೇ ಸಾಲಿನಲ್ಲೇ ತಪ್ಪು ವಿಳಾಸ ಇರಬಹುದು.

ಮೊದಲು ಸರಿಯಿದ್ದು ಹೊಸ ಆವೃತ್ತಿಯಲ್ಲಿ ಕೆಟ್ಟಿದ್ದರೆ ಕೋಡು ಓದುವುದಕ್ಕಿಂತ ಸುಲಭದ ದಾರಿ ಉಂಟು. ನಡುವಿನ ಬದಲಾವಣೆಗಳನ್ನು ಅರ್ಧಕ್ಕೆ ಸೀಳಿ ಪರೀಕ್ಷಿಸುವುದು, ಕೆಟ್ಟ ಅರ್ಧವನ್ನು ಮತ್ತೆ ಸೀಳುವುದು. 1000 ಬದಲಾವಣೆಗಳಿದ್ದರೂ ಸುಮಾರು 10 ಪರೀಕ್ಷೆಗಳಲ್ಲಿ ತಪ್ಪಿನದು ಸಿಗುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನದಲ್ಲಿ ಇದಕ್ಕೆ ಬೈಸೆಕ್ಟ್ ಎಂಬ ಆಜ್ಞೆಯೇ ಇದೆ.

## ತಪ್ಪು ಕೋಡಿನದ್ದಲ್ಲದಿದ್ದರೆ

ಕೋಡಿನ ತಪ್ಪಿಗೆ ಒಂದು ಚಾಳಿ ಇರುತ್ತದೆ. ಅದೇ ಡ್ರೈವರ್, ಅದೇ ಸಂದೇಶ, ಅದೇ ಕೆಲಸ ಮಾಡುವಾಗ. ಮೆಮೊರಿ ಚಿಪ್ಪೇ ಕೆಟ್ಟಿದ್ದರೆ ಚಾಳಿ ಇರುವುದಿಲ್ಲ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ, ಪ್ರತಿ ಸಲ ಬೇರೆ ಸಂದೇಶ. ಇರಬೇಕಾದ ವಿಳಾಸಕ್ಕೂ ಇದ್ದ ವಿಳಾಸಕ್ಕೂ ಒಂದೇ ಒಂದು ಬಿಟ್ ವ್ಯತ್ಯಾಸ ಕಂಡರೆ ಅನುಮಾನ ಗಟ್ಟಿಯಾಗುತ್ತದೆ.

ಇದನ್ನು ಪರೀಕ್ಷಿಸಲು ಕರ್ನಲ್ ಗೊತ್ತಿರಬೇಕಿಲ್ಲ. ನೀಲಿ ಪರದೆ ಬಂದಾಗ ಅದರ ಮೇಲಿನ ಕೋಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೂರ್ನಾಲ್ಕು ಸಲದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಒಂದೇ ಡ್ರೈವರಿನ ಹೆಸರಿದ್ದರೆ ಅದರ ಹಳೆಯ ಆವೃತ್ತಿಗೆ ಹೋಗಿ ನೋಡಬಹುದು. ಪ್ರತಿಯೊಂದೂ ಬೇರೆಯಾಗಿದ್ದರೆ ಮೆಮ್‌ಟೆಸ್ಟ್86 ಪ್ಲಸ್‌ನಂಥ ಪರೀಕ್ಷೆಯನ್ನು ರಾತ್ರಿಯಿಡೀ ಓಡಲು ಬಿಡಿ. ಅದು ಆಪರೇಟಿಂಗ್ ಸಿಸ್ಟಮ್ ಇಲ್ಲದೆ ನೇರವಾಗಿ ಓಡುತ್ತದೆ, ಹಾಗಾಗಿ ಕರ್ನಲ್ ಮೇಲೆ ತಪ್ಪು ಹೊರಿಸಲು ಜಾಗವೇ ಉಳಿಯುವುದಿಲ್ಲ. ಬೆಳಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ, ಯಂತ್ರ ಆಫ್ ಮಾಡಿ, ಮೆಮೊರಿ ಪಟ್ಟಿಗಳನ್ನು (ರ್‍ಯಾಮ್ ಸ್ಟಿಕ್‌ಗಳನ್ನು) ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷೆ ಓಡಿಸಬೇಕು. ಪಟ್ಟಿಯನ್ನು ಬೇರೆ ಸ್ಲಾಟಿಗೆ ಹಾಕಿದಾಗ ತಪ್ಪು ಅದರ ಜೊತೆಗೇ ಹೋದರೆ ಕೆಟ್ಟದ್ದು ಪಟ್ಟಿ. ತಪ್ಪು ಹಳೆಯ ಸ್ಲಾಟಿನಲ್ಲೇ ಉಳಿದರೆ ಕೆಟ್ಟದ್ದು ಬೋರ್ಡು.